ಮಾರಿಕಣಿವೆಯ ಕೋಡಿಯೂ ಶಾಂತಸಾಗರದ ಬಿಸಿಯೂ

ಯುಗಾದಿಯ ದಿನ ಬೇವು-ಬೆಲ್ಲವಾದ ಮೇಲೆ ಹಳ್ಳಿಯ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ನಡೆಯುವುದು ವಾಡಿಕೆ. ಹೊಸ ಸಂವತ್ಸರದ ರಾಜನಾರು, ಮಂತ್ರಿ ಯಾರು, ಧಾನ್ಯಗಳಿಗೆ ಅಧಿಪತಿ ಯಾರು ಎಂಬುದನ್ನೆಲ್ಲ ಅರೆಗಿವಿಯಿಂದ ಕೇಳುವ ಜನ, ಮಳೆಯ ಮಾತು ಬಂದೊಡನೆ ಮೈಯೆಲ್ಲ ಕಿವಿಯಾಗುತ್ತಾರೆ. ಈ ವರ್ಷದ ಮಳೆಯಲ್ಲಿ ಸಮುದ್ರಕ್ಕೆ ಇಷ್ಟು ಭಾಗ, ಪರ್ವತಕ್ಕೆ ಇಷ್ಟು, ಭೂಮಿಗೆ ಇಷ್ಟು ಎಂದು ಪುರೋಹಿತರು ಓದುತ್ತಾರೆ. ದೊಡ್ಡ ಪಾಲು ಸಮುದ್ರಕ್ಕೇ ಹೋಗುತ್ತದೆ. ಉಳಿದುದರಲ್ಲಿ ಭೂಮಿಗೆ ದಕ್ಕಿದ್ದೇ ಭಾಗ್ಯ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂಥ ಊರಿನಲ್ಲಿ ಕುಳಿತು ಇದನ್ನು ಆಲಿಸುವ ರೈತನಿಗೆ, ತನ್ನ ಹೊಲದ ಲೆಕ್ಕದಲ್ಲಿ ಕಂಡರಿಯದ ಸಮುದ್ರಕ್ಕೇನು ಕೆಲಸವೆಂಬ ಸಂದೇಹ ಬಂದರೆ ಅದು ಸಹಜವೇ. ಆದರೆ ಕಳೆದ ನೂರಿಪ್ಪತ್ತು ವರ್ಷಗಳಿಂದ ಹವಾಮಾನ ವಿಜ್ಞಾನಿಗಳು ಕಷ್ಟಪಟ್ಟು ಕಂಡುಕೊಂಡಿರುವುದು ಸಹ ಇದೇ: ಶ್ರೀರಾಂಪುರದ ಮಳೆಯ ಲೆಕ್ಕದಲ್ಲಿ ಸಮುದ್ರದ ಕೈವಾಡ ಬಹಳ ದೊಡ್ಡದು. ಅದು ಘಟ್ಟದಾಚೆಯ ಅರಬ್ಬೀ ಸಮುದ್ರ ಮಾತ್ರವಲ್ಲ, ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿರುವ ಪೆಸಿಫಿಕ್ ಅಥವಾ ಶಾಂತಸಾಗರವೂ ಹೌದು.

ಶ್ರೀರಾಂಪುರ ಹೊಸದುರ್ಗ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಸುತ್ತ ತೆಂಗಿನ ತೋಟಗಳು; ತೋಟದಾಚೆ ರಾಗಿ, ಸಾವೆ, ಅವರೆ, ತೊಗರಿಯ ಬೆದ್ದಲು ಹೊಲಗಳು. ಪಶ್ಚಿಮ ಘಟ್ಟ ತಡೆದು ಉಳಿಸಿದ ಮೋಡಗಳೇ ಈ ಸೀಮೆಗೆ ಗತಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಸುರಿದರೆ, ಚಿತ್ರದುರ್ಗ ಜಿಲ್ಲೆಗೆ ಬರುವುದು ಸರಾಸರಿ 600 ಮಿಲಿಮೀಟರಿನ ಒಳಗೆ. ಹಳಬರ ಅಳತೆಯಲ್ಲಿ ಹೇಳುವುದಾದರೆ ಇಪ್ಪತ್ತಮೂರು ಅಂಗುಲದಷ್ಟು. ಮಲೆನಾಡಿನಲ್ಲಿ ಆಷಾಢ ಶ್ರಾವಣಗಳಲ್ಲಿ ಜಡಿ ಹಿಡಿದರೆ ಇಲ್ಲಿ ಗಾಳಿಯಷ್ಟೇ ಬೀಸುವುದುಂಟು. ನಿಜವಾದ ಮಳೆಗಾಲ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು. ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲ. ಮುಂಗಾರು ಹೋಗುವ ಹೊತ್ತಿಗೆ ಹಿಂಗಾರು ಬರುವ ಈ ಸಂಧಿಕಾಲವೇ ಈ ನೆಲದ ಅನ್ನದಾತ.

ಮುಂಗಾರು, ಹಿಂಗಾರು ಎಂಬ ಮಾತುಗಳನ್ನು ಒಂದು ಕ್ಷಣ ಗಮನಿಸಬೇಕು. ಕಾರ್ ಎಂದರೆ ಕಪ್ಪು, ಕರಿಮೋಡದ ಕಾಲ. ಮುನ್ನಿನ ಕಾರು, ಹಿನ್ನಿನ ಕಾರು. ಕನ್ನಡಿಗರು ಮಳೆಗಾಲವನ್ನು ಎರಡಾಗಿ ಒಡೆದು ಹೆಸರಿಟ್ಟದ್ದು, ಆ ಎರಡು ಕಾಲಗಳನ್ನು ಇಪ್ಪತ್ತೇಳು ನಕ್ಷತ್ರಗಳ ಲೆಕ್ಕಕ್ಕೆ ಹೊಂದಿಸಿದ್ದು, ನೂರಾರು ವರ್ಷಗಳ ಅನುಭವದ ಫಲ. ರೋಹಿಣಿಗೆ ಯಾವ ಬಿತ್ತನೆ, ಆರಿದ್ರೆಗೆ ಯಾವುದು ಎಂದು ನಕ್ಷತ್ರಗಳು ಹೇಳುತ್ತವೆ. ಆದರೆ ಅವು ಹೇಳುವುದು ವಾಡಿಕೆಯ ವರ್ಷದ ಕಥೆಯನ್ನು. ವಾಡಿಕೆಯ ವರ್ಷ ಎಂಬುದು ಈ ಸೀಮೆಗೆ ಬರುವುದೇ ಅಪರೂಪ! ಇಡೀ ಭಾರತದ ನಾಲ್ಕು ತಿಂಗಳ ಮುಂಗಾರನ್ನು ಒಟ್ಟುಗೂಡಿಸಿದರೆ ಸರಾಸರಿ 87 ಸೆಂಟಿಮೀಟರು; ವರ್ಷದಿಂದ ವರ್ಷಕ್ಕೆ ಅದು ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಹೆಚ್ಚು ಕಡಿಮೆಯಾಗುತ್ತದೆ. ಒಂದು ಕಡೆಯ ನೆರೆ ಮತ್ತೊಂದು ಕಡೆಯ ಬರಕ್ಕೆ ಸರಿಹೋಗಿ ದೇಶದ ಲೆಕ್ಕ ಸಮವಾಗುವುದುಂಟು. ಒಂದು ಹೋಬಳಿಯ ಲೆಕ್ಕಕ್ಕೆ ಆ ಅನುಕೂಲವಿಲ್ಲ. ಅಲ್ಲಿ ಒಂದು ವರ್ಷ ಕೆರೆ ತುಂಬುತ್ತದೆ, ಇನ್ನೊಂದು ವರ್ಷ ಅದೇ ಕೆರೆಯ ಅಂಗಳದಲ್ಲಿ ಹುಡುಗರು ಚೆಂಡಾಡುತ್ತಾರೆ.

ಈ ಏರಿಳಿತಕ್ಕೆ ಕಲ್ಲಿನಲ್ಲಿ ಕಟ್ಟಿದ ಸಾಕ್ಷಿಯೊಂದು ನೆರೆಯ ಹಿರಿಯೂರು ತಾಲ್ಲೂಕಿನಲ್ಲಿದೆ. ಅದೇ ಮಾರಿಕಣಿವೆಯ ವಾಣಿವಿಲಾಸ ಸಾಗರ. ಬಾಬಾಬುಡನ್‌ಗಿರಿಯ ಬದಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗ ತಾಲ್ಲೂಕನ್ನು ಹಾದು ಹಿರಿಯೂರಿನ ಕಡೆ ಹರಿಯುತ್ತವೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 19ನೆಯ ಶತಮಾನದ ಕೊನೆಯಲ್ಲಿ, ಈ ಹೊಳೆಗೆ ಎರಡು ಗುಡ್ಡಗಳ ನಡುವೆ ಅಡ್ಡಗಟ್ಟೆ ಹಾಕುವ ಕೆಲಸ ಮೊದಲಾಯಿತು; 1907ರಲ್ಲಿ ಮುಗಿಯಿತು. ಆಗಿನ ರೀಜೆಂಟ್ ಮಹಾರಾಣಿಯವರ ‘ವಾಣಿವಿಲಾಸ’ ಎಂಬ ಬಿರುದೇ ಜಲಾಶಯದ ಹೆಸರಾಯಿತು. 30 ಟಿ.ಎಂ.ಸಿ. ನೀರು ಹಿಡಿಯುವ, 130 ಅಡಿಗೆ ಕೋಡಿ ಬೀಳುವ ಈ ಜಲಾಶಯ ಮೊದಲ ಬಾರಿ ಕೋಡಿ ಹರಿದದ್ದು 1933ರ ಸೆಪ್ಟೆಂಬರಿನಲ್ಲಿ. ಎರಡನೆಯ ಬಾರಿ ಹರಿದದ್ದು 2022ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ. ನಡುವೆ 89 ವರ್ಷಗಳು! ಮೊದಲ ಕೋಡಿಯನ್ನು ಕಂಡ ಕೂಸು ಎರಡನೆಯದನ್ನು ಕಾಣಬೇಕಾದರೆ ಮರಿಮಕ್ಕಳ ಹೆಗಲನ್ನು ಆಸರೆ ಮಾಡಿಕೊಳ್ಳಬೇಕಾಗಿತ್ತು. ಎರಡನೆಯ ಕೋಡಿಗೆ ಕೇವಲ ಐದು ವರ್ಷ ಮೊದಲು, 2017ರ ಬೇಸಿಗೆಯಲ್ಲಿ, ಇದೇ ಜಲಾಶಯ ತಳ ಕಾಣುವ ಸ್ಥಿತಿಗೆ ಬಂದಿತ್ತು.

ಒಂದೇ ನೆಲ, ಒಂದೇ ಹೊಳೆ, ಒಂದೇ ಗುಡ್ಡ. ಮಳೆ ಮಾತ್ರ ಹೀಗೇಕೆ ಆಟವಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವಂತೆ ಸರಕಾರವನ್ನು ಬಡಿದೆಬ್ಬಿಸಿದ್ದು ಒಂದು ಮಹಾ ದುರಂತ. 1876ರಿಂದ 1878ರವರೆಗಿನ ಬರವನ್ನು ಹಳೆಯ ಮೈಸೂರಿನ ಜನ ಅದು ಬಂದ ಸಂವತ್ಸರಗಳ ಹೆಸರಿನಿಂದಲೇ ಧಾತು-ಈಶ್ವರ ಬರವೆಂದು ಕರೆದರು. 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷದ ಸುತ್ತಮುತ್ತಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಹಾಳೂರುಗಳಿವೆಯೋ ಲೆಕ್ಕವಿಟ್ಟವರಿಲ್ಲ. ಮಳೆಯನ್ನು ಮುಂದಾಗಿ ತಿಳಿಯುವ ಉಪಾಯ ಬೇಕೆಂದು ಆಳುವವರು ಹೊಸದಾಗಿ ಹುಟ್ಟಿದ್ದ ಹವಾಮಾನ ಇಲಾಖೆಯನ್ನು ಕೇಳಿದರು. ಅದರ ಮೊದಲ ಅಧಿಕಾರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮದ ಪ್ರಮಾಣವನ್ನು ನೋಡಿ ಮುಂಗಾರನ್ನು ಊಹಿಸತೊಡಗಿದರು. ಅವರ ಅನಂತರ ಬಂದ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಸಾರಿದರು. ಬಂದದ್ದು ಘೋರ ಬರ.

1904ರಲ್ಲಿ ಈ ಹುದ್ದೆಗೆ ಬಂದವರು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತಜ್ಞ, ಬೂಮರಾಂಗ್ ಎಂಬ ಎಸೆದರೆ ಮರಳಿ ಬರುವ ಆಯುಧದ ಚಲನೆಯನ್ನು ಅಭ್ಯಾಸ ಮಾಡಿ ಹೆಸರಾದವರು. ಮಳೆಗಾಳಿಯ ವಿಷಯ ಅವರಿಗೆ ಹೊಸದು. ಪ್ರಾಯಶಃ ಅದೇ ಒಳ್ಳೆಯದಾಯಿತು. ಮಳೆ ಏಕೆ ಬರುವುದೆಂಬ ವಾದಗಳನ್ನು ಬದಿಗಿರಿಸಿ, ಜಗತ್ತಿನ ನಾನಾ ಕಡೆಗಳ ವಾಯುಭಾರ, ಉಷ್ಣತೆ, ಮಳೆಗಳ ಅಂಕಿಗಳನ್ನು ತರಿಸಿಕೊಂಡು, ಯಾವುದು ಏರಿದಾಗ ಯಾವುದು ಇಳಿಯುವುದೆಂದು ಲೆಕ್ಕಹಾಕಿಸತೊಡಗಿದರು. ಯಂತ್ರಗಳಿಲ್ಲದ ಆ ಕಾಲದಲ್ಲಿ ಆ ಅಗಾಧ ಗುಣಾಕಾರ ಭಾಗಾಕಾರಗಳನ್ನೆಲ್ಲ ಕೈಯಿಂದ ಮಾಡಿದವರು ಇಲಾಖೆಯ ಭಾರತೀಯ ಗುಮಾಸ್ತರು. ಕೀರ್ತಿ ವಾಕರರಿಗೆ ಸಂದಿತು. ಗುಮಾಸ್ತರ ಹೆಸರು ಕಡತದಲ್ಲೇ ಉಳಿಯಿತು. ಆ ಲೆಕ್ಕದಿಂದ ಹೊರಟ ಸಂಗತಿ ಸೋಜಿಗದ್ದು. ಶಾಂತಸಾಗರದ ಪೂರ್ವಭಾಗದಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ. ಇದಕ್ಕೆ ಅವರು 1924ರಲ್ಲಿ ‘ದಕ್ಷಿಣದ ಆಂದೋಲನ’ ಎಂಬರ್ಥದ ಹೆಸರನ್ನು ಕೊಟ್ಟರು. ತಕ್ಕಡಿ ನಮ್ಮ ಕಡೆ ಭಾರವಾದ ವರ್ಷ ಭಾರತದಲ್ಲಿ ಮಳೆ ಕ್ಷೀಣ.

ತಕ್ಕಡಿಯನ್ನು ಅಲುಗಿಸುವ ಕೈ ಯಾವುದು? ಅದನ್ನು ಹೇಳಿದವರು ನಾರ್ವೆ ಮೂಲದ ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ, 1969ರಲ್ಲಿ. ದಕ್ಷಿಣ ಅಮೆರಿಕದ ಪೆರು ದೇಶದ ಬೆಸ್ತರಿಗೆ ಒಂದು ವಿಷಯ ತಲೆತಲಾಂತರದಿಂದ ತಿಳಿದಿತ್ತು. ಅವರ ಕರಾವಳಿಯ ನೀರು ಸಾಮಾನ್ಯವಾಗಿ ತಣ್ಣಗಿರುತ್ತದೆ; ಮೀನು ಹೇರಳ. ಕೆಲವು ವರ್ಷ ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಬೆಚ್ಚನೆಯ ನೀರು ಬಂದು ಮೀನು ಮಾಯವಾಗುವುದು. ಹಬ್ಬದ ಕಾಲಕ್ಕೆ ಬರುವ ಆ ಅತಿಥಿಯನ್ನು ಅವರು ಎಲ್ ನಿನೊ, ಅಂದರೆ ಗಂಡುಕೂಸು, ಬಾಲಯೇಸು ಎಂದರು. ಇದಕ್ಕೆ ವಿರುದ್ಧವಾಗಿ ನೀರು ವಾಡಿಕೆಗಿಂತ ತಣ್ಣಗಾಗುವ ಸ್ಥಿತಿಗೆ ಮುಂದೆ ವಿಜ್ಞಾನಿಗಳು ಲಾ ನಿನಾ, ಹೆಣ್ಣುಕೂಸು, ಎಂದು ಹೆಸರಿಟ್ಟರು. ಗಂಡು ಹುಟ್ಟಿದರೆ ಸಕ್ಕರೆ ಹಂಚುವ ನಮ್ಮ ದೇಶಕ್ಕೆ ಮಳೆ ಹೊತ್ತು ತರುವವಳು ಮಾತ್ರ ಹೆಣ್ಣುಕೂಸು ಎಂಬುದು ವಿಚಿತ್ರವಾದರೂ ನಿಜ.

ಇದು ನಡೆಯುವ ಬಗೆ ಹೀಗೆ. ಸಾಮಾನ್ಯ ವರ್ಷಗಳಲ್ಲಿ ಶಾಂತಸಾಗರದ ಮೇಲೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಬಿಸಿಯಾದ ಮೇಲ್ನೀರನ್ನು ಇಂಡೋನೇಷ್ಯದ ಕಡೆಗೆ ತಳ್ಳುತ್ತದೆ. ಅಲ್ಲಿ ಬಿಸಿ ನೀರಿನ ಮೇಲೆ ಗಾಳಿ ಮೇಲೇರಿ ಮೋಡಗಟ್ಟುತ್ತದೆ. ಎಲ್ ನಿನೊ ವರ್ಷದಲ್ಲಿ ಆ ಗಾಳಿ ಸೋಲುತ್ತದೆ. ಬಿಸಿ ನೀರು ಪೂರ್ವಕ್ಕೆ ಹಿಂದಿರುಗುತ್ತದೆ. ಗಾಳಿ ಮೇಲೇರುವ ಜಾಗವೂ ಅದರೊಡನೆ ಸರಿಯುತ್ತದೆ. ಅಲ್ಲಿ ಏರಿದ ಗಾಳಿ ಎಲ್ಲಾದರೂ ಇಳಿಯಲೇಬೇಕಷ್ಟೆ. ಅದು ಇಳಿಯುವುದು ಇಂಡೋನೇಷ್ಯದಿಂದ ಭಾರತದವರೆಗಿನ ಪ್ರದೇಶದ ಮೇಲೆ. ಇಳಿಯುವ ಗಾಳಿ ಮೋಡವನ್ನು ಬೆಳೆಯಗೊಡದು. ಸಾಗರದ ಮೇಲ್ಮೈಯ ಶಾಖ ವಾಡಿಕೆಗಿಂತ ಅರ್ಧ ಡಿಗ್ರಿ ಹೆಚ್ಚಿ ತಿಂಗಳುಗಟ್ಟಲೆ ನಿಂತರೆ ಸಾಕು, ಎಲ್ ನಿನೊ ಬಂತೆನ್ನುತ್ತಾರೆ. ಬಲವಾದ ವರ್ಷಗಳಲ್ಲಿ ಅದು ಎರಡು ಡಿಗ್ರಿಯನ್ನೂ ದಾಟುವುದು. ಕಾಫಿಯ ಲೋಟದಲ್ಲಿ ನಾಲಿಗೆಗೇ ತಿಳಿಯದ ಅಂತರ ಇದು. ಸಾವಿರಾರು ಮೈಲಿ ಉದ್ದದ ಸಾಗರದಲ್ಲಿ ಹರಡಿದಾಗ ಇದರಿಂದ 1972, 1987, 2002, 2009, 2015ನೆಯ ಇಸವಿಗಳಂಥ ಬರಗಳು ಹುಟ್ಟುತ್ತವೆ.

ಹಾಗಾದರೆ ಶಾಂತಸಾಗರಕ್ಕೊಂದು ಉಷ್ಣಮಾಪಕ ಇಳಿಬಿಟ್ಟು ಶ್ರೀರಾಂಪುರದ ಮಳೆಯನ್ನು ಹೇಳಿಬಿಡಬಹುದೆ? ಅಷ್ಟು ಸುಲಭವಲ್ಲ. ಸಂವತ್ಸರಗಳ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುವುದು ಎಲ್ಲರಿಗೂ ತಿಳಿದದ್ದೇ. 1877ರ ಈಶ್ವರ ಸಂವತ್ಸರದಲ್ಲಿ ಭಾರಿ ಎಲ್ ನಿನೊ ಇತ್ತು. ದೇಶ ಹಸಿವಿನಿಂದ ಸತ್ತಿತು. ಎರಡು ಸುತ್ತು ಕಳೆದು 1997ರಲ್ಲಿ ಮತ್ತೆ ಈಶ್ವರ ಸಂವತ್ಸರ ಬಂತು. ಅದೇ ವರ್ಷ ಇಪ್ಪತ್ತನೆಯ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಕಾಣಿಸಿಕೊಂಡಿತು. ತಿಳಿದವರು ಬೆದರಿದರು. ಆದರೆ ಆ ವರ್ಷ ಭಾರತಕ್ಕೆ ಬಂದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ! ಜ್ಯೋತಿಷಿಗೂ ವಿಜ್ಞಾನಿಗೂ ಒಟ್ಟಿಗೆ ಮುಖಭಂಗ.

ಈ ಒಗಟಿನ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಖ್ಯರು. 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ಎಂಬ ನಾಲ್ವರು ವಿಜ್ಞಾನಿಗಳು ಹಿಂದೂ ಮಹಾಸಾಗರಕ್ಕೆ ತನ್ನದೇ ಆದ ಒಂದು ತಕ್ಕಡಿ ಇದೆಯೆಂದು ತೋರಿಸಿದರು. ಕೆಲವು ವರ್ಷ ಆಫ್ರಿಕದ ಕಡೆಯ ನೀರು ಬಿಸಿಯಾಗಿ ಸುಮಾತ್ರದ ಕಡೆಯದು ತಣ್ಣಗಾಗುತ್ತದೆ. ಕೆಲವು ವರ್ಷ ಅದಲುಬದಲು. ಇದನ್ನು ಹಿಂದೂ ಮಹಾಸಾಗರದ ದ್ವಿಧ್ರುವ ಎನ್ನುತ್ತಾರೆ. ಮೊದಲನೆಯ ಬಗೆ ಸಾಮಾನ್ಯವಾಗಿ ಭಾರತದ ಮುಂಗಾರಿಗೆ ಹಿತ. 1997ರಲ್ಲಿ ಅದು ಬಲವಾಗಿದ್ದುದರಿಂದ ಎಲ್ ನಿನೊವಿನ ಪೆಟ್ಟಿಗೆ ಅಡ್ಡಗುರಾಣಿಯಾಯಿತೆಂದು ವಿವರಿಸುತ್ತಾರೆ. ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು, ನೀರಿನ ಶಾಖವನ್ನು ನೋಡುವುದರ ಜೊತೆಗೆ ಸಾಗರದ ಮೇಲಿನ ಮೋಡ, ಗಾಳಿಗಳ ತೂಗಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ತೋರಿಸಿದರು. ಇಷ್ಟಾದರೂ ಒಗಟು ಪೂರ್ತಿ ಬಿಡಿಸಿಲ್ಲ. ಹಳೆಯ ದಾಖಲೆಗಳನ್ನು ಆಧರಿಸಿದ ಸಂಶೋಧನೆಗಳ ಪ್ರಕಾರ 1877ರಲ್ಲೂ ಹಿಂದೂ ಮಹಾಸಾಗರದ ತಕ್ಕಡಿ ಹಿತವಾದ ಕಡೆಗೇ ವಾಲಿತ್ತು. ಗುರಾಣಿ ಆಗ ಯಾಕೆ ಕೈಕೊಟ್ಟಿತೆಂಬುದು ಸುಲಭಕ್ಕೆ ಉತ್ತರ ಸಿಗುವ ಪ್ರಶ್ನೆಯಲ್ಲ.

ದೇಶದ ಲೆಕ್ಕವೇ ಹೀಗಿರುವಾಗ ಒಂದು ಸೀಮೆಯ ಲೆಕ್ಕ ಇನ್ನಷ್ಟು ತೊಡಕಿನದು. ಹೊಸದುರ್ಗ, ಹಿರಿಯೂರುಗಳ ಸೀಮೆ ಎರಡು ಮಳೆಗಾಲಗಳ ನಡುವೆ ಕಾಲಿಟ್ಟು ನಿಂತಿದೆ. ಮುಂಗಾರಿಗೆ ಕೇಡು ಮಾಡುವ ಎಲ್ ನಿನೊ, ತೆಂಕಣ ಭಾರತದ ಹಿಂಗಾರಿಗೆ ಅನೇಕ ವೇಳೆ ಒಳ್ಳೆಯದನ್ನೇ ಮಾಡುತ್ತದೆ. 2015ರ ಕೊನೆಯಲ್ಲಿ ಚೆನ್ನೈ ನಗರ ಮುಳುಗಿದ್ದು ಇಂಥದೊಂದು ವರ್ಷದಲ್ಲಿಯೇ. ಆದ್ದರಿಂದ ಆಷಾಢದಲ್ಲಿ ಕಳೆದುಕೊಂಡದ್ದು ಆಶ್ವಯುಜದಲ್ಲಿ ಸಿಕ್ಕೀತೆಂಬ ಆಸೆ ಈ ಕಡೆಯ ರೈತನಿಗೆ ಇದ್ದೇ ಇರುತ್ತದೆ. 2023ರಲ್ಲಿ ಆ ಆಸೆಯೂ ಹುಸಿಯಾಯಿತು. ಆ ವರ್ಷ ಎಲ್ ನಿನೊ. ಆಗಸ್ಟ್ ತಿಂಗಳಲ್ಲಿ ದೇಶದಲ್ಲಿ ಬಿದ್ದ ಮಳೆ 1901ರಿಂದ ಈಚೆಗೆ ಆ ತಿಂಗಳಿನಲ್ಲಿ ಬಿದ್ದ ಅತಿ ಕಡಿಮೆ ಮಳೆ. ಹಿಂದೂ ಮಹಾಸಾಗರದ ತಕ್ಕಡಿ ಹಿತವಾಗಿಯೇ ವಾಲಿತ್ತು. ಕರ್ನಾಟಕಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ. ಹಿಂಗಾರೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಅದಕ್ಕೆ ಒಂದೇ ವರ್ಷ ಹಿಂದೆ ಮಾರಿಕಣಿವೆ ಕೋಡಿ ಬಿದ್ದಿತ್ತು. 2020, 2021, 2022 ಹೀಗೆ ಮೂರು ವರ್ಷ ಲಾ ನಿನಾ ಬಿಡದೆ ನಿಂತಿದ್ದ ಅಪರೂಪದ ಕಾಲ ಅದು. 2021ರ ನವೆಂಬರಿನಲ್ಲಿ ಕಾರ್ತೀಕವೋ ಶ್ರಾವಣವೋ ತಿಳಿಯದಂತೆ ಮಳೆ ಹಿಡಿಯಿತು; ನೆಲ ತಣಿದು, ಕೆರೆಗಳು ತುಂಬಿ, ಮರುವರ್ಷದ ನೀರು ಇಂಗಲು ಜಾಗವಿಲ್ಲದೆ ನೇರ ಹೊಳೆಗಿಳಿಯಿತು. ಬರವೂ ಅಷ್ಟೆ, ನೆರೆಯೂ ಅಷ್ಟೆ. ಒಂದು ವರ್ಷದ ಫಲ ಮುಂದಿನ ವರ್ಷಕ್ಕೆ ಉಳಿದಿರುತ್ತದೆ. 2022ರಲ್ಲಿ ಹಿಂದೂ ಮಹಾಸಾಗರದ ತಕ್ಕಡಿ ಎದುರುಗಡೆಗೆ ವಾಲಿತ್ತು. ಪುಸ್ತಕದ ಪ್ರಕಾರ ಅದು ಅಹಿತ. 2016ರಲ್ಲಿ ಹಾಗೆಯೇ ವಾಲಿದಾಗ ಕರ್ನಾಟಕ ಒಣಗಿತ್ತು. 2022ರಲ್ಲಿ ಮುಳುಗಿತು. ಪುಸ್ತಕವನ್ನು ಸುಡಬೇಕೆಂದು ಇದರರ್ಥವಲ್ಲ. ಸಾಗರ ಹೇಳುವುದು ಸಾಧ್ಯತೆಯ ಮಾತನ್ನು. ಎಲ್ ನಿನೊ ಬಂದ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ದೇಶದ ಮಳೆ ಕಡಿಮೆಯಾಗಿದೆ. ಪ್ರತಿಸಲವೂ ಅಲ್ಲ, ಪ್ರತಿ ಊರಿನಲ್ಲಿಯೂ ಅಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. 1933ರ ಕೋಡಿ ಪೂರ್ತಿ ಮಳೆಯ ಕೊಡುಗೆ. ಆ ವರ್ಷ ದೇಶದ ಮುಂಗಾರೇ ಸಮೃದ್ಧವಾಗಿತ್ತು. 2019ರಿಂದ ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಎತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ವೇದಾವತಿಗೆ ಹರಿಸುತ್ತಿದ್ದಾರೆ. ಆದಕಾರಣ 2022ರ ಕೋಡಿಯಲ್ಲಿಯೂ 2025ರ ಜನವರಿಯಲ್ಲಿ ಬಿದ್ದ ಮೂರನೆಯ ಕೋಡಿಯಲ್ಲಿಯೂ ಮಲೆನಾಡಿನ ನೀರಿನ ಪಾಲುಂಟು. ನೂರು ವರ್ಷಕ್ಕೂ ಹೆಚ್ಚು ಕಾಲ ಬಯಲುಸೀಮೆಯ ಮಳೆಯನ್ನು ಅಳೆದುಕೊಟ್ಟ ಈ ದೊಡ್ಡ ಅಳತೆಪಾತ್ರೆ ಇನ್ನು ಮುಂದೆ ಆ ಕೆಲಸಕ್ಕೆ ಒದಗದು. ಹಿರಿಯೂರಿನವರು ಕೋಡಿಗೆ ಬಾಗಿನ ಅರ್ಪಿಸುವಾಗ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿ ತೋಟಕ್ಕೆ ನೀರು ನುಗ್ಗಿ ಕಂಗೆಟ್ಟವರೂ ಉಂಟು. ತುಂಬಿದರೂ ಕಷ್ಟ, ಬತ್ತಿದರೂ ಕಷ್ಟ.

ಇಷ್ಟೆಲ್ಲ ತಿಳಿದು ಶ್ರೀರಾಂಪುರದ ಹೊಲದಲ್ಲಿ ಆಗುವುದೇನು ಎಂದು ಕೇಳಬಹುದು. ಪಕ್ಕದ ಪಾವಗಡ ಸೀಮೆಯಲ್ಲಿ ಇದಕ್ಕೆ ಒಂದು ಉತ್ತರ ದೊರಕಿದೆ. ಅಲ್ಲಿಯ ಮಳೆಯಾಶ್ರಿತ ಶೇಂಗಾ ಬೆಳೆಯನ್ನು ಸುಲೋಚನಾ ಗಾಡ್ಗೀಳರೂ, ಸ್ವತಃ ಕೃಷಿಕರಾಗಿದ್ದ ವಿಜ್ಞಾನಿ ಪಿ.ಆರ್. ಶೇಷಗಿರಿ ರಾಯರೂ 1990ರ ದಶಕದಲ್ಲಿ ಅಭ್ಯಾಸ ಮಾಡಿದರು. ಹಲವು ದಶಕಗಳ ದಿನದಿನದ ಮಳೆಯ ಅಂಕಿಗಳನ್ನು ಮುಂದಿಟ್ಟುಕೊಂಡು, ಯಾವ ದಿನ ಬಿತ್ತಿದ್ದರೆ ಯಾವ ವರ್ಷ ಎಷ್ಟು ಬೆಳೆ ಬರುತ್ತಿತ್ತು ಎಂದು ಲೆಕ್ಕ ಕಟ್ಟಿದರು. ಮೊದಲ ಹದಕ್ಕೆ ಆತುರಪಟ್ಟು ಬಿತ್ತಿದ ಬೆಳೆಗೆ, ಕಾಯಿ ಬಲಿಯುವ ಹೊತ್ತಿನಲ್ಲೇ ಒಣಹವೆ ಅಡ್ಡ ಬರುವ ಅಪಾಯ ಹೆಚ್ಚು. ತುಸು ತಡೆದು ಬಿತ್ತಿದ ಬೆಳೆ ಸೆಪ್ಟೆಂಬರಿನ ಮಳೆಯನ್ನು ಕಾಯಿಗೆ ದಕ್ಕಿಸಿಕೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ. ಒಂದು ವರ್ಷದ ಮಳೆಯನ್ನು ಕರಾರುವಾಕ್ಕಾಗಿ ಹೇಳಲಾಗದಿದ್ದರೂ, ಅನೇಕ ವರ್ಷಗಳ ಏರಿಳಿತವನ್ನು ಬಲ್ಲವನು ಎಡವುವುದು ಕಡಿಮೆ.

ರಾಗಿಯ ರೈತ ಇದನ್ನು ತನ್ನದೇ ರೀತಿಯಲ್ಲಿ ಬಲ್ಲ. ಜೂನಿನಲ್ಲೇ ಹದವಾದರೆ ದೀರ್ಘಕಾಲದ ತಳಿ, ಆಗಸ್ಟಿಗೆ ಜಾರಿದರೆ ಬೇಗ ಮಾಗುವ ತಳಿ. ಅದೂ ತಪ್ಪಿದರೆ ಹುರುಳಿ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಒಂದು ಮಳೆ ಒಂದನ್ನು ಕೊಂದರೆ ಮತ್ತೊಂದು ಮಳೆ ಇನ್ನೊಂದನ್ನು ಉಳಿಸೀತು. ಗಟ್ಟಿ ಜೀವದ ಸಾವೆಯನ್ನು ಹೊಸದುರ್ಗದವರು ಇಂದಿಗೂ ಬಿಟ್ಟುಕೊಡದಿರುವುದು ಹಳೆಯ ರುಚಿಯ ಮೋಹದಿಂದ ಮಾತ್ರವಲ್ಲ.

ತೆಂಗಿಗೆ ಈ ಉಪಾಯ ನಡೆಯದು. ಬಿತ್ತನೆಯ ದಿನವನ್ನು ಮುಂದೂಡಬಹುದು, ಮರವನ್ನು ಮುಂದೂಡಲಾಗದು. ತೆಂಗಿನ ಹೊಂಬಾಳೆ ಸುಳಿಯೊಳಗೆ ಮೊಳೆಯುವುದು ಕಾಯಿ ಕೀಳುವುದಕ್ಕೆ ವರ್ಷಗಳ ಮುಂಚೆಯೇ. ಹೂವಾಗಿ ಕಾಯಿ ಬಲಿಯಲು ಮತ್ತೊಂದು ವರ್ಷ. ಆದ್ದರಿಂದ ಒಂದು ಬರದ ಪೆಟ್ಟು ಎರಡು ಮೂರು ವರ್ಷದ ಇಳುವರಿಯಲ್ಲಿ ಕಾಣಿಸುತ್ತದೆ. 2015, 2016ರ ಬರಗಳ ಬಳಿಕ ಈ ಭಾಗದ ತೋಟಗಾರರು ಟ್ಯಾಂಕರಿನಲ್ಲಿ ನೀರು ತರಿಸಿ ಬುಡಕ್ಕೆ ಹೊಯ್ದರು. ಕೊಳವೆಬಾವಿಯ ಮೇಲೆ ಕೊಳವೆಬಾವಿ ಕೊರೆಸಿ ಸಾಲಕ್ಕೆ ಬಿದ್ದರು. ಆದರೂ ಸುಳಿ ಬಾಗಿದ ಮರಗಳನ್ನು ಉಳಿಸಿಕೊಳ್ಳಲಾಗಲಿಲ್ಲ. 2025ರಲ್ಲಿ ಬೆಂಗಳೂರಿನ ಗೃಹಿಣಿಯರು ತೆಂಗಿನಕಾಯಿಯ ಬೆಲೆ ಕೇಳಿ ಚಟ್ನಿಗೆ ಹುರಿಗಡಲೆಯನ್ನೇ ಹೆಚ್ಚಿಗೆ ಹಾಕುವಂತಾಯಿತಷ್ಟೆ. ಅದಕ್ಕೆ ಕಾರಣಗಳು ಹಲವು. ಎರಡು ವರ್ಷ ಹಿಂದೆ ಶಾಂತಸಾಗರದಲ್ಲಿ ಹರಡಿದ್ದ ಬಿಸಿ ನೀರೂ ಅವುಗಳಲ್ಲಿ ಒಂದು.

ಈಗ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ, ಯುಗಾದಿಯ ಆಸುಪಾಸಿನಲ್ಲೇ, ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆಯನ್ನು ಹೊರಡಿಸುತ್ತದೆ. ಮೇ ಕೊನೆಗೆ ಅದನ್ನು ತಿದ್ದುತ್ತದೆ. ಶಾಂತಸಾಗರದ ಸ್ಥಿತಿ ಏನು, ಹಿಂದೂ ಮಹಾಸಾಗರದ್ದೇನು ಎಂದು ಅದರಲ್ಲಿ ಮೊದಲೇ ಬರೆದಿರುತ್ತಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನೇ ಅಳೆದು ತಾನೇ ವರದಿ ಕಳಿಸುವ ಮಳೆಮಾಪಕಗಳು ನಿಂತಿವೆ. ಇವೆರಡರ ನಡುವೆ, ದೇಶಕ್ಕೆಲ್ಲ ಒಂದೇ ಆದ ಮುನ್ಸೂಚನೆಗೂ ಊರಿನ ಡಬ್ಬಿಯಲ್ಲಿ ಬಿದ್ದ ಮಳೆಗೂ ನಡುವೆ, ಇರುವ ಅಂತರವನ್ನು ತುಂಬುವ ವಿದ್ಯೆ ಇನ್ನೂ ಬೆಳೆಯಬೇಕಾಗಿದೆ. ಅಲ್ಲಿಯವರೆಗೆ ಶ್ರೀರಾಂಪುರದ ರೈತ ಬೀಜದ ಮೂಟೆಯನ್ನು ಅಟ್ಟದಿಂದ ಇಳಿಸುವ ಮೊದಲು ರೇಡಿಯೋವನ್ನೂ ಕೇಳುತ್ತಾನೆ, ಪಂಚಾಂಗವನ್ನೂ ತಿರುವುತ್ತಾನೆ, ಅಂಗಳಕ್ಕೆ ಬಂದು ಪಡುವಣ ದಿಕ್ಕನ್ನೂ ನೋಡುತ್ತಾನೆ.